ಮಳೆಗಾಲಕ್ಕೆ ಮೊದಲು ಸಾಲ, ಸುಗ್ಗಿಯ ಮೇಲೆ ವಸೂಲಿ: ನಮ್ಮೂರ ಸೊಸೈಟಿಯ ಬಗ್ಗೆ ಸದಸ್ಯೆಯೊಬ್ಬಳ ವಿಮರ್ಶೆ

ಸಾಗರ ತಾಲ್ಲೂಕಿನ ನಮ್ಮ ಭಾಗದಲ್ಲಿ ಯಾರಾದರೂ ಸೊಸೈಟಿಗೆ ಹೋಗಿ ಬರುತ್ತೇನೆಂದು ಮನೆಯಿಂದ ಹೊರಟರೆ, ಅವರು ಸಾಲ ಕೇಳಲು ಹೊರಟರೋ, ಗೊಬ್ಬರ ತರಲೋ, ಪಡಿತರದ ಅಕ್ಕಿಗೋ ಎಂದು ಹೇಳುವುದು ಕಷ್ಟ, ಏಕೆಂದರೆ ಈ ಎಲ್ಲ ಕೆಲಸವೂ ಒಂದೇ ಹೆಂಚಿನ ಸೂರಿನ ಕೆಳಗೆ ನಡೆಯುತ್ತದೆ. ಫಲಕದ ಮೇಲಿರುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ ಎಂಬ ಹೆಸರನ್ನು ನೋಟಿಸು ಬಂದ ದಿನ ಬಿಟ್ಟರೆ ಯಾರೂ ಪೂರ್ತಿ ಉಚ್ಚರಿಸುವುದಿಲ್ಲ. ನಾನು ಎಂಟುನೂರು ಅಡಿಕೆ ಮರಗಳ ತೋಟ ಮತ್ತು ಸ್ವಲ್ಪ ಗದ್ದೆಯನ್ನು ನೋಡಿಕೊಳ್ಳುತ್ತಿರುವವಳು. ಈ ಸಂಘದ ಗ್ರಾಹಕಳಾಗಿ ಇಪ್ಪತ್ತು ವರ್ಷಗಳ ಮೇಲಾಗಿದೆ, ನನ್ನ ಹೆಸರಿನಲ್ಲೇ ಷೇರು ಬಂದು ಆರು ವರ್ಷಗಳಾಗಿವೆ. ಹೋಟೆಲು, ಅಂಗಡಿ, ಫೋನುಗಳ ಬಗ್ಗೆ ಜನ ಇಷ್ಟೊಂದು ವಿಮರ್ಶೆ ಬರೆಯುವಾಗ, ಒಂದು ಊರಿನ ವರ್ಷದ ಬದುಕು ಯಾವುದರ ಮೇಲೆ ನಿಂತಿದೆಯೋ ಆ ಸಂಸ್ಥೆಯ ಬಗ್ಗೆಯೂ ಒಬ್ಬರು ಬರೆಯಬೇಕೆನಿಸಿತು. ಸಂಘದ ಹೆಸರು ಹಾಕುತ್ತಿಲ್ಲ. ಅಲ್ಲಿ ಕೆಲಸ ಮಾಡುವವರು ನನ್ನ ನೆರೆಯವರು, ಮತ್ತು ನಾನು ಹೇಳುವ ಮಾತು ಹೊಸನಗರ, ತೀರ್ಥಹಳ್ಳಿ, ಸೊರಬದ ಎಷ್ಟೋ ಸಂಘಗಳಿಗೆ ಹೊಂದುತ್ತದೆಂದು ನನಗನಿಸುತ್ತದೆ.

ಕಟ್ಟಡ ಹಳೆಯದು. ಜಂಬಿಟ್ಟಿಗೆಯ ಗೋಡೆ, ಮುಂದೆ ಜಗಲಿ, ಎಡಕ್ಕೆ ಕಚೇರಿ, ಬಲಕ್ಕೆ ಮಾರಾಟದ ಮಳಿಗೆ, ಹಿಂದೆ ಗೋದಾಮು. ಕೊಡೆ ಮಡಿಸಿ ನಿಲ್ಲಲು ಜಗಲಿ ಸಾಕಷ್ಟು ಅಗಲವಾಗಿದೆ ಎಂಬುದನ್ನು ಮಲೆನಾಡಿನವರು ಮಾತ್ರ ಗುಣವೆಂದು ಎಣಿಸಬಲ್ಲರು. ಆದರೆ ಮಹಿಳೆಯರಿಗೆ ಶೌಚಾಲಯವಿಲ್ಲ. ದೂರದ ಕೇರಿಗಳಿಂದ ನಡೆದು ಬಂದು ಅರ್ಧ ದಿನ ಕಾಯುವ ಹೆಂಗಸರಿರುವ ಜಾಗದಲ್ಲಿ ಇದು ಸಣ್ಣ ಕೊರತೆಯಲ್ಲ.

ಸಂಘದ ನಿಜವಾದ ಬೆಲೆ ತಿಳಿಯಬೇಕಾದರೆ ಮೇ ತಿಂಗಳ ಕೊನೆಯ ವಾರದಲ್ಲಿ ಹೋಗಬೇಕು. ಆ ಹೊತ್ತಿಗೆ ಅಡಿಕೆ ಮಾರಿದ ಹಣ ಮದುವೆ, ಮನೆ ರಿಪೇರಿ, ಮಕ್ಕಳ ಕಾಲೇಜು ಶುಲ್ಕಗಳಲ್ಲಿ ಕರಗಿ ಹೋಗಿರುತ್ತದೆ, ಮೊದಲ ಮಳೆಗೆ ಹದಿನೈದು ದಿನವೂ ಉಳಿದಿರುವುದಿಲ್ಲ, ಮತ್ತು ಮಳೆ ಹಿಡಿಯುವ ಮೊದಲು ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಒಂದು ಸುತ್ತು ಔಷಧಿ ಬೀಳದಿದ್ದರೆ ಜುಲೈ ತಿಂಗಳಲ್ಲಿ ಮರದ ಬುಡದಲ್ಲಿ ಕೊಳೆತು ಉದುರಿದ ಕಾಯಿಗಳನ್ನು ಆರಿಸುವುದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ಈ ಸೀಮೆಗೆ ಕಲಿಸಿದವರಲ್ಲಿ ಮುಖ್ಯರು ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ಕಳೆದರೂ ಮೂಲ ಮದ್ದು ಬದಲಾಗಿಲ್ಲ. 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಸುರಿದು ಕಲಸಬೇಕು. ನನ್ನ ತೋಟದ ಒಂದು ಸುತ್ತಿಗೆ ಹೀಗೆ ಹತ್ತು ಸಲ ಕಲಸಬೇಕಾಗುತ್ತದೆ, ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯ ಸುತ್ತು. ಈ ತುತ್ತ, ಸುಣ್ಣ, ಔಷಧಿ ಕಾಯಿಗೆ ಹಿಡಿಯಲು ಬೆರೆಸುವ ಅಂಟುಗಳನ್ನು ಸೊಸೈಟಿ ನನ್ನ ಖಾತೆಗೆ ಬರೆದುಕೊಂಡು ಅಂದೇ ಕೊಟ್ಟು ಕಳಿಸುತ್ತದೆ, ಹಣವನ್ನು ಸುಗ್ಗಿಯಲ್ಲಿ ಕೇಳುತ್ತದೆ. ಪೇಟೆಯ ಅಂಗಡಿಯಲ್ಲೂ ಉದ್ರಿ ಸಿಗುತ್ತದೆ, ಆದರೆ ಅಲ್ಲಿ ಉದ್ರಿಯ ಜೊತೆಗೆ ಈ ಸಲದ ಅಡಿಕೆ ನಮಗೇ ಕೊಡಬೇಕೆಂಬ ಮಾತೂ ಬರುವುದುಂಟು, ಆ ಮಾತು ಕೊಟ್ಟವರು ಮಂಡಿಯ ಹರಾಜಿನ ದರ ಏರಿದಾಗ ಕೈಕಟ್ಟಿ ನೋಡಬೇಕಾಗುತ್ತದೆ.

ತುತ್ತದ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಸುಣ್ಣದ ಬಗ್ಗೆ ಒಂದು ದೂರಿತ್ತು. ಸುಟ್ಟ ಸುಣ್ಣಕ್ಕೆ ಗಾಳಿಯ ತೇವ ತಾಗಿದರೆ ಅದು ತಾನಾಗಿ ಪುಡಿಯಾಗಿ ಸತ್ವ ಕಳೆದುಕೊಳ್ಳುತ್ತದೆ, ಅಂಥ ಸುಣ್ಣ ಹಾಕಿದ ದ್ರಾವಣದಲ್ಲಿ ತುತ್ತದ ಹುಳಿ ಉಳಿದು ಎಳೆಯ ಕಾಯಿಗಳು ಸುಡುತ್ತವೆ. ಮೂರು ವರ್ಷಗಳ ಹಿಂದೆ ತಂದ ಚೀಲದಲ್ಲಿ ಅರ್ಧಕ್ಕರ್ಧ ಹೀಗೆ ಹಾಳಾಗಿತ್ತು. ದ್ರಾವಣದಲ್ಲಿ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು, ಅದರ ಮೇಲೆ ತಾಮ್ರದ ಕೆಂಪು ಕೂತಿದೆಯೇ ಎಂದು ನೋಡುವ ಅಭ್ಯಾಸ ಮನೆಯಲ್ಲಿದ್ದುದರಿಂದ ಮರಕ್ಕೆ ಹೊಡೆಯುವ ಮೊದಲೇ ಗೊತ್ತಾಯಿತು. ಚೀಲವನ್ನು ಹಿಂದಕ್ಕೆ ಒಯ್ದಾಗ ಗುಮಾಸ್ತರು ವಾದ ಮಾಡದೆ ಬದಲಿಸಿ ಕೊಟ್ಟರು, ಆ ವರ್ಷದಿಂದ ಸುಣ್ಣವನ್ನು ಮುಚ್ಚಳವಿರುವ ಡ್ರಮ್ಮುಗಳಲ್ಲಿ ಇಡುತ್ತಿದ್ದಾರೆ. ಒಂದು ಅಂಗಡಿಯನ್ನು ಅಳೆಯಲು ನನಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಔಷಧಿ ಸಿಕ್ಕರೆ ಸಾಲದು, ಹೊಡೆಯುವವರು ಬೇಕು. ಮರದಿಂದ ಮರಕ್ಕೆ ಜಿಗಿಯುತ್ತ ದಿನಕ್ಕೆ ನೂರಾರು ಮರ ಮುಗಿಸುತ್ತಿದ್ದ ಕೊನೆಗೌಡರ ತಲೆಮಾರು ಮುಗಿಯುತ್ತ ಬಂದಿದೆ. ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಣ್ಣಾರೆ ಕಂಡ ಅವರ ಮಕ್ಕಳು ಆ ಕೆಲಸಕ್ಕೆ ಬರದಿರುವುದು ನ್ಯಾಯವೇ ಆಗಿದೆ. ಈಗ ನೆಲದ ಮೇಲೇ ನಿಂತು ಔಷಧಿ ಹೊಡೆಯಲು, ಕೊನೆ ಇಳಿಸಲು ಕಾರ್ಬನ್ ಫೈಬರಿನ ದೋಟಿಗಳು, ಅಂದರೆ ಉದ್ದನೆಯ ಕೋಲುಗಳು, ಬಂದಿವೆ. ಹಗುರವಾಗಿ, ಅರವತ್ತು ಎಪ್ಪತ್ತು ಅಡಿಯವರೆಗೆ ಏರುವ ಈ ದೋಟಿಯನ್ನು ಸಣ್ಣ ಹಿಡುವಳಿಯವರು ಸ್ವಂತಕ್ಕೆ ಕೊಳ್ಳುವುದು ಆಗದ ಮಾತು. ನಮ್ಮ ಸಂಘ ಎರಡು ದೋಟಿಗಳನ್ನು ಕೊಂಡು ದಿನದ ಬಾಡಿಗೆಗೆ ಕೊಡುತ್ತಿರುವುದು ಇತ್ತೀಚಿನ ವರ್ಷಗಳಲ್ಲಿ ಅದು ಮಾಡಿದ ಅತ್ಯುತ್ತಮ ಕೆಲಸವೆಂದು ನಾನು ತಿಳಿದಿದ್ದೇನೆ. ಮೊದಲ ವರ್ಷ ಸರದಿ ಸರಿಯಾಗಿ ನಡೆಯಲಿಲ್ಲ. ಹೆಸರು ಬರೆಸಿ ಹತ್ತು ದಿನ ಕಾದ ನನ್ನನ್ನು ಬಿಟ್ಟು, ಆಡಳಿತ ಮಂಡಳಿಯವರ ಸಂಬಂಧಿಕರ ತೋಟಕ್ಕೆ ದೋಟಿ ಹೋಯಿತು, ಅಷ್ಟರಲ್ಲಿ ಮಳೆ ಹಿಡಿಯಿತು, ನನ್ನ ತೋಟದ ಕೆಳಗಿನ ಪಟ್ಟೆಯ ಮರಗಳ ಮೊದಲ ಸುತ್ತು ತಪ್ಪಿತು. ನಷ್ಟ ಎಷ್ಟೆಂದು ತೂಗಿ ಹೇಳಲಾರೆ, ಆದರೆ ಆ ಆಗಸ್ಟಿನಲ್ಲಿ ತೋಟಕ್ಕೆ ಇಳಿಯಲು ಮನಸ್ಸೇ ಬರುತ್ತಿರಲಿಲ್ಲ. ಅದನ್ನು ಮಹಾಸಭೆಯಲ್ಲಿ ಎದ್ದು ಹೇಳಿದೆ. ಮರುವರ್ಷದಿಂದ ಸರದಿಯ ಪಟ್ಟಿಯನ್ನು ಜಗಲಿಯ ಗೋಡೆಗೆ ಹಚ್ಚುತ್ತಿದ್ದಾರೆ, ಯಾರ ಹೆಸರಿನ ಮುಂದೆ ಯಾವ ತಾರೀಕು ಇದೆ ಎಂಬುದನ್ನು ಓದು ಬರುವ ಯಾರಾದರೂ ನೋಡಬಹುದು.

ತಕ್ಕಡಿಯ ವಿಷಯವನ್ನು ಹೊರಗಿನವರು ಗಮನಿಸಲಿಕ್ಕಿಲ್ಲ, ನಾನು ಗಮನಿಸುತ್ತೇನೆ. ಇಲ್ಲಿ ತೂಕದ ಯಂತ್ರ ಗಿರಾಕಿಯ ಕಡೆಗೆ ಮುಖ ಮಾಡಿದೆ, ಅಂಕಿ ಎರಡೂ ಕಡೆಯವರಿಗೆ ಕಾಣುತ್ತದೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರ ತಕರಾರುಗಳಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯೂ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು, ಮುಂದೆ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರ ಹೆಸರು ಪಹಣಿಗೆ ಬಂದದ್ದು ಎಲ್ಲರೂ ಕೇಳಿರುವ ಸಂಗತಿ. ಪಹಣಿಯಲ್ಲಿ ಹೆಸರು ಬಂದ ಮೇಲೆಯೇ ಆ ಕುಟುಂಬಗಳು ಸೊಸೈಟಿಯ ಬೆಳೆಸಾಲದ ಪಟ್ಟಿಗೂ ಬಂದವು. ಅಳತೆಗಾಗಿ ಜೈಲು ಕಂಡ ನೆಲದಲ್ಲಿ ತೂಕ ನೇರವಾಗಿರುವ ಅಂಗಡಿಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ.

ಗೊಬ್ಬರದ ವ್ಯವಹಾರವೂ ಚೊಕ್ಕವಾಗಿದೆ. ಅಡಿಕೆಗೆ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಇಲ್ಲಿನ ಗುಮಾಸ್ತರು ಬಾಯಿಪಾಠವಾಗಿ ಬಲ್ಲರು, ಎಷ್ಟು ಮರವೆಂದು ಕೇಳಿ ಎಷ್ಟು ಚೀಲವೆಂದು ಲೆಕ್ಕ ಹಾಕಿ ಹೇಳುತ್ತಾರೆ. ನನ್ನ ಎಂಟುನೂರು ಮರಕ್ಕೆ ಯೂರಿಯಾ ನಾಲ್ಕು ಚೀಲ ಸಾಕು, ಅದಕ್ಕಿಂತ ಹೆಚ್ಚು ಕೊಟ್ಟು ಕಳಿಸುವ ಆಸೆ ಅವರಿಗಿಲ್ಲ. 45 ಕಿಲೋ ಚೀಲಕ್ಕೆ ಮುದ್ರಿತ ದರವಾದ 266 ರೂಪಾಯಿ 50 ಪೈಸೆಗಿಂತ ಒಂದು ರೂಪಾಯಿ ಹೆಚ್ಚು ಕೇಳಿದ್ದಿಲ್ಲ, ಯೂರಿಯಾ ಬೇಕಾದರೆ ಈ ದ್ರವ ಗೊಬ್ಬರವನ್ನೂ ಕೊಳ್ಳಬೇಕೆಂದು ಒತ್ತಾಯಿಸಿದ್ದೂ ಇಲ್ಲ. ತೊಂದರೆಯಿರುವುದು ಸರಬರಾಜಿನಲ್ಲಿ. ಪೊಟ್ಯಾಷ್ ಬೇಕಾದ ಹೊತ್ತಿಗೆ ಲಾರಿ ಬರುವುದಿಲ್ಲ, ಬಂದ ದಿನ ಸುದ್ದಿ ಹರಡಿ ಸಂಜೆಯೊಳಗೆ ಗೋದಾಮು ಬರಿದಾಗುತ್ತದೆ, ದೂರದ ಕೇರಿಯವರಿಗೆ ಮರುದಿನ ಖಾಲಿ ಚೀಲಗಳ ದರ್ಶನ. ಮನೆಗಿಷ್ಟು ಎಂದು ಮೊದಲೇ ಹಂಚಿ ಇಡುವುದು ಸಂಘದ ಕೈಯಲ್ಲೇ ಇರುವ ಕೆಲಸ, ಅದನ್ನು ಅದು ಮಾಡಬೇಕು.

ಇನ್ನು ಸಾಲ. ಕರ್ನಾಟಕದ ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಜುಲೈ ಬಜೆಟ್ಟಿನಲ್ಲಿ ಘೋಷಣೆಯಾಯಿತು. ಮಿತಿ ಎಷ್ಟೇ ಇರಲಿ, ಕೈಗೆ ಬರುವ ಮೊತ್ತವನ್ನು ಹಿಡುವಳಿಯ ಅಳತೆ, ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲವೆಂಬ ದರಪಟ್ಟಿ ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಿಂದ ನಮ್ಮ ಸಂಘಕ್ಕೆ ಬರುವ ಹಣ ತೀರ್ಮಾನಿಸುತ್ತವೆ. ನನಗೆ ಸಿಗುತ್ತಿರುವುದು ಮಿತಿಗಿಂತ ಬಹಳ ಕಡಿಮೆ. ಆದರೂ ಬಡ್ಡಿಯಿಲ್ಲದ ಹಣ ಮಳೆಗಾಲದ ಬಾಗಿಲಲ್ಲಿ ಸಿಗುವುದು ಎಂಥ ಆಸರೆ ಎಂಬುದನ್ನು ಕೈಸಾಲದ ಬಡ್ಡಿ ಕಟ್ಟಿದವರೇ ಬಲ್ಲರು. ಇದರಲ್ಲೊಂದು ಕಠಿಣ ಷರತ್ತಿದೆ. ಗಡುವಿನ ದಿನದೊಳಗೆ ಅಸಲು ಪೂರ್ತಿ ಕಟ್ಟಿದರೆ ಮಾತ್ರ ಬಡ್ಡಿಯ ರಿಯಾಯಿತಿ, ಒಂದು ದಿನ ಮೀರಿದರೂ ಅದು ಹೋಗುತ್ತದೆ. ಹೀಗಾಗಿ ಅಡಿಕೆ ಇನ್ನೂ ಮಾರಾಟವಾಗದ ಮನೆಗಳು ಗಡುವಿನ ಹಿಂದಿನ ದಿನ ಯಾರದೋ ಬಳಿ ಕೈಗಡ ತಂದು ಕಟ್ಟಿ, ಹೊಸ ಸಾಲ ಮಂಜೂರಾದ ಮೇಲೆ ಅದನ್ನು ತೀರಿಸುತ್ತವೆ. ನಡುವಿನ ಹತ್ತು ಹದಿನೈದು ದಿನಗಳ ಬಡ್ಡಿಯನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡಿಕೆಯನ್ನು ಶಿವಮೊಗ್ಗದಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್‌ನಂಥ ಮಾರಾಟ ಸಹಕಾರ ಸಂಘಕ್ಕೆ ಹಾಕಿ, ಅಲ್ಲಿಂದ ಬರುವ ಹಣವನ್ನು ನೇರವಾಗಿ ನಮ್ಮ ಸಾಲದ ಖಾತೆಗೆ ಜಮಾ ಮಾಡಿಸುವ ದಾರಿ ಇದೆ. ನನ್ನ ಅನುಭವದಲ್ಲಿ ಅದೇ ಒಳ್ಳೆಯದು, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಬೇರ್ಪಡಿಸಿ ಮುಂಚಿತವಾಗಿ ಸಾಗಿಸುವ ಶಿಸ್ತು ಮನೆಯಲ್ಲಿದ್ದರೆ ಕೈಗಡದ ಗೊಡವೆಯೇ ಇರುವುದಿಲ್ಲ.

ಎರಡು ವರ್ಷಗಳ ಹಿಂದೆ ಗಡುವಿನ ಕೊನೆಯ ದಿನ ಹಣ ಹಿಡಿದು ಹೋಗಿದ್ದೆ. ಬೆಳಿಗ್ಗೆಯಿಂದ ಸರ್ವರ್ ಇರಲಿಲ್ಲ, ಮಧ್ಯಾಹ್ನ ಕರೆಂಟೂ ಹೋಯಿತು, ಸಂಜೆ ಐದಕ್ಕೆ ನಾಳೆ ಬನ್ನಿ ಎಂದರು. ನಾಳೆ ಹೋದಾಗ ಕಂಪ್ಯೂಟರು ಬಡ್ಡಿ ತೋರಿಸುತ್ತಿತ್ತು, ಕಟ್ಟಿದೆ. ಕೇಂದ್ರ ಸರ್ಕಾರ 2022ರಲ್ಲಿ ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಾಗದದ ಲೆಡ್ಜರುಗಳಲ್ಲಿ ನಡೆದ ಎಷ್ಟೋ ಅವ್ಯವಹಾರಗಳನ್ನು ಕೇಳಿರುವ ನಾವು ಗಣಕೀಕರಣವನ್ನು ಬೇಡವೆನ್ನುವುದಿಲ್ಲ. ಆದರೆ ಯಂತ್ರ ನಿಂತ ದಿನದ ಹೊಣೆಯನ್ನು ಹಣ ಹಿಡಿದು ಬಂದು ನಿಂತವರ ಮೇಲೆ ಹಾಕಬಾರದು. ಇದನ್ನೂ ಸಭೆಯಲ್ಲಿ ಎತ್ತಿದ ಮೇಲೆ, ಅಂಥ ದಿನ ಹಣ ಪಡೆದು ಸಮಯ ಸಹಿತ ಕೈಬರಹದ ರಸೀದಿ ಕೊಡುವುದೆಂದು ಠರಾವಾಯಿತು. ನನ್ನ ಬಡ್ಡಿ ವಾಪಸು ಬರಲಿಲ್ಲ.

ಯಂತ್ರದ ಇನ್ನೊಂದು ಕಷ್ಟ ಪಡಿತರದ ಕಿಟಕಿಯಲ್ಲಿದೆ. ಸುಗ್ಗಿಯ ಎರಡು ಮೂರು ತಿಂಗಳು ನಮ್ಮ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಚೊಗರು ಹಿಡಿದು ಬೆರಳು ಕಪ್ಪಾಗಿ, ತುದಿಯ ಗೆರೆಗಳು ಸವೆದು, ಹೆಬ್ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ಇಡೀ ಊರಿನ ಅಡಿಕೆಯನ್ನು ಸುಲಿದ ಕೈಗೆ ತನ್ನ ಪಾಲಿನ ಅಕ್ಕಿ ಪಡೆಯಲು ಮೂರು ಸಲ ಬರಬೇಕಾಗುವುದನ್ನು ನೋಡಿ ನನಗೆ ಸಂಕಟವಾಗಿದೆ. ಮೊಬೈಲಿಗೆ ಬರುವ ಸಂಖ್ಯೆಯಿಂದ ಕೊಡಬಹುದಾದರೂ ಮೊಬೈಲು ಮನೆಯ ಗಂಡಸಿನ ಜೇಬಿನಲ್ಲಿ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗಿರುತ್ತದೆ. ಕಿಟಕಿಯಲ್ಲಿ ಕೂರುವ ಹುಡುಗ ತಾಳ್ಮೆಯವನು, ಬೆರಳು ತೊಳೆಸಿ, ಒರೆಸಿ, ಬೇರೆ ಬೆರಳುಗಳನ್ನು ಇಡಿಸಿ ಪ್ರಯತ್ನಿಸುತ್ತಾನೆ, ಅವನಿಗೆ ಕೃತಜ್ಞತೆ ಸಲ್ಲಬೇಕು.

ಸಹಕಾರ ಸಂಘಗಳ ಸದಸ್ಯರಿಗಿರುವ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಕಾರ್ಡು ಮಾಡಿಸುವುದು, ಬೆಳೆ ವಿಮೆಯ ಅರ್ಜಿ ತುಂಬುವುದು ಇವೆಲ್ಲ ಇಲ್ಲಿಯೇ ಆಗುತ್ತವೆ. ಮಧ್ಯೆ ನಿಂತುಹೋಗಿ 2022–23ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿಯಿಂದ ನಮ್ಮ ಕೇರಿಯಲ್ಲೇ ಒಬ್ಬರ ಹೃದಯದ ಶಸ್ತ್ರಚಿಕಿತ್ಸೆ ತೋಟ ಅಡವಿಡದೆ ನಡೆಯಿತು. ವಿಮೆಯ ವಿಷಯದಲ್ಲಿ ಸಿಬ್ಬಂದಿ ಇನ್ನೊಂದು ಮಾತು ಹೆಚ್ಚು ಹೇಳಬೇಕು. ಅಡಿಕೆಗಿರುವುದು ಹವಾಮಾನ ಆಧಾರಿತ ವಿಮೆ, ಅಂದರೆ ಪರಿಹಾರ ನಿರ್ಧಾರವಾಗುವುದು ಪಂಚಾಯಿತಿಯ ಮಳೆಮಾಪಕದ ಅಂಕಿಯಿಂದಲೇ ಹೊರತು ನಮ್ಮ ಮರದ ಬುಡದಲ್ಲಿ ಬಿದ್ದ ಕಾಯಿಗಳಿಂದಲ್ಲ. ಇದು ತಿಳಿಯದೆ, ಕೊಳೆ ಬಂದರೂ ವಿಮೆ ಬರಲಿಲ್ಲವೆಂದು ಜನ ಪ್ರತಿವರ್ಷ ಗುಮಾಸ್ತರ ಮೇಲೆ ಸಿಟ್ಟಾಗುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಕೊರತೆಗೆ ಬರುತ್ತೇನೆ. ತೋಟದ ಕಾಲವನ್ನು ಇಷ್ಟು ಚೆನ್ನಾಗಿ ಬಲ್ಲ ಈ ಸಂಸ್ಥೆಗೆ ತೋಟದಲ್ಲಿ ದುಡಿಯುವವರು ಯಾರೆಂಬುದು ಗೊತ್ತಿಲ್ಲ, ಪಹಣಿಯಲ್ಲಿ ಯಾರ ಹೆಸರಿದೆ ಎಂಬುದಷ್ಟೇ ಗೊತ್ತು. ಹದಿನಾಲ್ಕು ವರ್ಷ ಗೊಬ್ಬರ ತಂದವಳು, ಸೊಪ್ಪು ಹೊತ್ತವಳು, ತೋಟದ ಬಸಿಗಾಲುವೆ ತೆಗೆಸಿದವಳು, ಅಡಿಕೆ ಬೇಯಿಸಿದವಳು ನಾನೇ ಆಗಿದ್ದರೂ ಸೊಸೈಟಿಯ ಪುಸ್ತಕದಲ್ಲಿ ನಾನಿರಲಿಲ್ಲ. ಯಜಮಾನರು ತೀರಿಕೊಂಡಾಗ ಪಹಣಿ ಇನ್ನೂ ಮಾವನವರ ಹೆಸರಿನಲ್ಲೇ ಇತ್ತು, ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ, ಮೈದುನಂದಿರ ಒಪ್ಪಿಗೆ ಎಲ್ಲ ಕೂಡಿ ಪೌತಿ ಖಾತೆಯಾಗಲು, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಲು, ಹದಿನಾರು ತಿಂಗಳು ಹಿಡಿಯಿತು. ಆ ಹದಿನಾರು ತಿಂಗಳು ನನಗೆ ಬೆಳೆಸಾಲವೂ ಇಲ್ಲ, ತುತ್ತದ ಉದ್ರಿಯೂ ಇಲ್ಲ. ಮನೆಯಲ್ಲಿ ಸಾವಾದ ವರ್ಷವೇ ಹಣದ ಅಗತ್ಯ ಹೆಚ್ಚು, ಆ ವರ್ಷವೇ ಬಾಗಿಲು ಮುಚ್ಚುತ್ತದೆ. ಕಾರ್ಯದರ್ಶಿಯವರು ಕೆಟ್ಟವರಲ್ಲ, ನಿಯಮದ ಪುಸ್ತಕ ತೆರೆದು ತೋರಿಸಿದರು. ಆ ಸಲ ನನಗೆ ತುತ್ತ ಕೊಳ್ಳಲು ಹಣ ಕೊಟ್ಟದ್ದು ನಮ್ಮ ಕೇರಿಯ ಸ್ತ್ರೀಶಕ್ತಿ ಗುಂಪು, ಅದರಲ್ಲಿ ಅರ್ಧದಷ್ಟು ಹೆಂಗಸರು ಒಂದು ಗುಂಟೆ ನೆಲವೂ ಇಲ್ಲದವರು.

ಅವರ ಸ್ಥಿತಿ ನನ್ನದಕ್ಕಿಂತ ಕಷ್ಟದ್ದು. ಬಗರ್‌ಹುಕುಂ, ಅಂದರೆ ಹಕ್ಕುಪತ್ರವಿಲ್ಲದ ಸರ್ಕಾರಿ ಜಮೀನಿನಲ್ಲಿ ಎರಡು ತಲೆಮಾರಿನಿಂದ ಬೆಳೆ ತೆಗೆಯುತ್ತಿರುವವರು, ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ಮುಳುಗಿದ ಊರು ಬಿಟ್ಟು ಬಂದು ಈಗಲೂ ಹಕ್ಕುಪತ್ರಕ್ಕೆ ಓಡಾಡುತ್ತಿರುವ ಕುಟುಂಬಗಳು, ಕೂಲಿಯಿಂದಲೇ ಬದುಕುವವರು, ಇವರೆಲ್ಲ ಷೇರು ಹಣ ಕಟ್ಟಿ ಸದಸ್ಯರಾಗಬಹುದು, ಆದರೆ ಸದಸ್ಯತ್ವದಿಂದ ಸಿಗುವ ಮುಖ್ಯ ಸೌಲಭ್ಯ ಅವರಿಗಿಲ್ಲ. ಗುಂಪುಗಳಿಗೆ ಸಂಘ ಸಾಲ ಕೊಡುತ್ತದೆ ನಿಜ, ಅದು ಹಸು ಕೊಳ್ಳಲು, ಹೊಲಿಗೆ ಯಂತ್ರಕ್ಕೆ ಆಗುತ್ತದೆ, ಬೆಳೆಸಾಲದ ಬಡ್ಡಿ ರಿಯಾಯಿತಿ ಅದಕ್ಕಿಲ್ಲ. ಸಾಲದ ನಿಯಮವನ್ನು ಒಂದು ಹಳ್ಳಿಯ ಸಂಘ ತಿದ್ದಲಾರದು, ಒಪ್ಪುತ್ತೇನೆ. ಆದರೆ ದೋಟಿಯ ಬಾಡಿಗೆಗೆ, ಸುಗ್ಗಿಯವರೆಗಿನ ಸಣ್ಣ ಉದ್ರಿಗೆ ಪಹಣಿಯನ್ನೇ ಕೇಳಬೇಕೆಂದು ಯಾರೂ ಹೇಳಿಲ್ಲ, ಅದು ನಮ್ಮ ಮಂಡಳಿಯೇ ಮಾಡಿಕೊಂಡ ರೂಢಿ.

ರೂಢಿಯನ್ನು ಬದಲಿಸುವ ಜಾಗವೂ ಇಲ್ಲೇ ಇದೆ ಎಂಬುದು ಸಂಘಕ್ಕೂ ಪೇಟೆಯ ಅಂಗಡಿಗೂ ಇರುವ ವ್ಯತ್ಯಾಸ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಸಂಘದ ಕಾಲದಿಂದಲೂ ಸಹಕಾರ ಸಂಘದಲ್ಲಿ ಒಬ್ಬರಿಗೆ ಒಂದೇ ಮತ, ಹತ್ತು ಷೇರಿದ್ದವರಿಗೂ ಒಂದೇ. ಸೆಪ್ಟೆಂಬರಿನಲ್ಲಿ ನಡೆಯುವ ನಮ್ಮ ಮಹಾಸಭೆಗೆ ಚಿತ್ರಾನ್ನ, ಕೇಸರಿಬಾತಿನ ವ್ಯವಸ್ಥೆ ಚೆನ್ನಾಗಿರುತ್ತದೆ, ವರದಿ ಪುಸ್ತಕ ಮಾತ್ರ ಅಂದೇ ಕೈಗೆ ಬರುತ್ತದೆ. ಅಷ್ಟು ಪುಟಗಳ ಜಮಾಖರ್ಚನ್ನು ಭಾಷಣಗಳ ನಡುವೆ ಓದಿ ಪ್ರಶ್ನೆ ಕೇಳುವುದು ಯಾರಿಗೂ ಸಾಧ್ಯವಿಲ್ಲ, ವಾರ ಮುಂಚೆ ಮನೆಗೆ ಕಳಿಸಬೇಕು. ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿದೆ. ಆ ಇಬ್ಬರನ್ನು ಸಭೆಯ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಅವರ ದನಿಯನ್ನು ನಾನು ಇನ್ನೂ ಮೈಕಿನಲ್ಲಿ ಕೇಳಿಲ್ಲ. ಸಭೆಗಳಿಗೆ ಬರದಿದ್ದರೆ ಮತದ ಹಕ್ಕಿಗೇ ಕುತ್ತು ಬರುವುದರಿಂದ, ಕೆಲಸ ಬಿಟ್ಟಾದರೂ ಬಂದು ಸಹಿ ಹಾಕಿ ಹೋಗಿ ಎಂದು ನಮ್ಮ ಕೇರಿಯ ಹೆಂಗಸರಿಗೆ ಹೇಳುತ್ತ ಬಂದಿದ್ದೇನೆ.

ಅಂಕ ಕೊಡುವುದಾದರೆ ಮಳಿಗೆಗೆ ಐದರಲ್ಲಿ ನಾಲ್ಕೂವರೆ, ಸಾಲದ ವಿಭಾಗಕ್ಕೆ ಮೂರು, ಪಡಿತರದ ಕಿಟಕಿಯ ಸಿಬ್ಬಂದಿಗೆ ಐದು, ಅಲ್ಲಿನ ಯಂತ್ರಕ್ಕೆ ಒಂದು. ಹೊಸದಾಗಿ ಸದಸ್ಯರಾಗುವವರು ಪಹಣಿ, ಆಧಾರ್, ಎರಡು ಭಾವಚಿತ್ರದ ಜೊತೆಗೆ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆಯನ್ನೂ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಇನ್ನೊಂದು ಸಲ ಬರಬೇಕಾಗುತ್ತದೆ. ಸಾಲದ ಗಡುವಿಗೆ ಕನಿಷ್ಠ ಒಂದು ವಾರ ಮೊದಲೇ ಹಣ ಕಟ್ಟಿ. ದೋಟಿಗೆ ಏಪ್ರಿಲ್ ಕೊನೆಯಲ್ಲೇ ಹೆಸರು ಬರೆಸಿ. ಪಹಣಿ ಇಲ್ಲದವರಿಗೂ ದೋಟಿ ಬಾಡಿಗೆಗೆ ಕೊಡಬೇಕು ಮತ್ತು ಗುಂಪಿನ ಜಾಮೀನಿನ ಮೇಲೆ ತುತ್ತ, ಸುಣ್ಣ ಉದ್ರಿ ಕೊಡಬೇಕು ಎಂಬ ಅರ್ಜಿಯನ್ನು ಇಪ್ಪತ್ತಮೂರು ಸದಸ್ಯರ ಸಹಿಯೊಂದಿಗೆ ಕಳೆದ ವಾರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮುಂದಿನ ಮಹಾಸಭೆಯಲ್ಲಿ ಅದನ್ನು ಓದುವುದಾಗಿ ಕಾರ್ಯದರ್ಶಿಯವರು ಹೇಳಿದ್ದಾರೆ.